ಪರದೆ ಏಳೋ ಮುಂಚೆ: ಬರೋ ನಾಟಕಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ. ಹವ್ಯಾಸಿ ತಂಡಗಳು ಮುಂದಿನ ಮೂರ್ನಾಲ್ಕು ತಿಂಗಳ ನಾಟಕಗಳನ್ನ ಅನೌನ್ಸ್ ಮಾಡಿವೆ, ಪೋಸ್ಟರ್‌ಗಳು ಗ್ರೂಪಿಂದ ಗ್ರೂಪಿಗೆ ಓಡಾಡ್ತಿವೆ, ಯಾವ್ದಕ್ಕೆ ಹೋಗೋದು, ಮಕ್ಕಳನ್ನ ಕರ್ಕೊಂಡು ಹೋಗ್ಬಹುದಾ, ನಾವೂ ಪಾರ್ಟ್ ಮಾಡ್ಬಹುದಾ ಅಂತ ಕೇಳಿದೀರಿ. ಇಪ್ಪತ್ತು ವರ್ಷದಿಂದ ಇಂಥ ತಂಡಗಳಲ್ಲೇ ಪ್ರಾಂಪ್ಟ್ ಮಾಡ್ಕೊಂಡು (ಅಂದ್ರೆ ಮರೆಯಲ್ಲಿ ನಿಂತು ನಟರಿಗೆ ಮರೆತ ಮಾತು ನೆನಪಿಸ್ಕೊಂಡು), ಲೈಟ್ ಬೋರ್ಡ್ ಮುಂದೆ ಕೂತ್ಕೊಂಡು, ಆಗಾಗ ಬಣ್ಣಾನೂ ಹಚ್ಕೊಂಡು ಬಂದವಳು ನಾನು, ಹಾಗಾಗಿ ಈ ಪತ್ರಗಳನ್ನ ಓದೋವಾಗ ನಿಜವಾಗ್ಲೂ ಖುಷಿ ಆಯ್ತು. ಜಾಗ ಇರೋವಷ್ಟಕ್ಕೆ ಉತ್ತರ ಬರ್ದಿದೀನಿ.

ಪ್ರಶ್ನೆ: ನಮ್ಮ ಕಡೆ ನಾಲ್ಕು ತಂಡಗಳು ನಾಟಕದ ಪಟ್ಟಿ ಹಾಕಿವೆ ಮೇಡಂ. ಒಂದು ನಾಟಕದ ಹೆಸರೂ ಕೇಳಿಲ್ಲ, ನಟರೂ ಗೊತ್ತಿಲ್ಲ. ಸಿನಿಮಾ ಆದ್ರೆ ಟ್ರೇಲರ್ ನೋಡಿ ಟಿಕೆಟ್ ತಗೋತೀವಿ. ನಾಟಕವನ್ನ ಹೇಗೆ ಆರಿಸೋದು? (ಮೊದಲ ಸಲ ನಾಟಕಕ್ಕೆ ಹೋಗ್ಬೇಕು ಅನ್ಕೊಂಡಿರೋ ಓದುಗರು)

ಉತ್ತರ: ಟ್ರೇಲರ್ ಇಲ್ಲ ನಿಜ, ಆದ್ರೆ ಪೋಸ್ಟರ್‌ನಲ್ಲೇ ಬೇಕಾದಷ್ಟು ಸುಳಿವು ಇರತ್ತೆ, ನಾವು ಹೆಸರು, ಡೇಟು ನೋಡಿ ಬಿಟ್ಬಿಡ್ತೀವಿ ಅಷ್ಟೆ. ಬರೆದವರು ಯಾರು, ಅನುವಾದನಾ ರೂಪಾಂತರನಾ, ನಿರ್ದೇಶನ ಯಾರದು, ಎಷ್ಟು ಹೊತ್ತು, ಮಧ್ಯೆ ಇಂಟರ್ವಲ್ ಇದೆಯಾ, ಒಟ್ಟು ಎಷ್ಟು ಶೋ, ಇಷ್ಟನ್ನ ಓದಿ. ರೂಪಾಂತರ ಅಂತ ಇದ್ರೆ ಬೇರೆ ನೆಲದ ಕಥೆಯನ್ನ ಈ ತಂಡದವರು ತಮ್ಮ ಜನಕ್ಕೆ ಒಗ್ಗೋ ಹಾಗೆ ಮಾಡ್ಕೊಂಡಿದಾರೆ ಅಂತ, ಹೊಸಬರಿಗೆ ಅದು ಬೇಗ ಹತ್ತಿರ ಆಗತ್ತೆ. ಇಂಟರ್ವಲ್ ಇಲ್ಲದ 70-80 ನಿಮಿಷದ ನಾಟಕ ಸಿಕ್ರೆ ಮೊದಲ ಸಲಕ್ಕೆ ಅದೇ ಒಳ್ಳೇದು, ಮೂರು ಗಂಟೆಯ ದೊಡ್ಡ ದುರಂತದಿಂದ ಶುರು ಮಾಡ್ಬೇಡಿ.

ಆದ್ರೆ ನಾನು ಮಾಡೋ ಕೆಲಸ ಬೇರೆ. ಪೋಸ್ಟರ್‌ನಲ್ಲಿರೋ ನಂಬರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳ್ತೀನಿ: "ಈ ನಾಟಕಾನೇ ಯಾಕೆ ತಗೊಂಡ್ರಿ?" ದೊಡ್ಡ ಕಂಪನಿ ಆದ್ರೆ ಟಿಕೆಟ್ ಕೌಂಟರಿನವರಿಗೆ ಇದು ಗೊತ್ತಿರಲ್ಲ, ಹವ್ಯಾಸಿ ತಂಡದಲ್ಲಿ ಫೋನ್ ಎತ್ತೋರೇ ಅವತ್ತು ರಾತ್ರಿ ಸ್ಟೇಜ್ ಮೇಲೂ ಇರ್ತಾರೆ, ಇಲ್ಲಾ ಸೆಟ್ಟಿಗೆ ಬಣ್ಣ ಬಳೀತಾ ಇರ್ತಾರೆ. "ಇದು ಫೇಮಸ್ ನಾಟಕ ಮೇಡಂ" ಅಂತ ಅಷ್ಟಕ್ಕೇ ನಿಲ್ಲಿಸಿದ್ರೆ ನಾನು ಇನ್ನೊಂದು ಪೋಸ್ಟರ್ ನೋಡ್ತೀನಿ. "ನಮ್ಮಲ್ಲಿ ಒಬ್ರಿಗೆ ಇದು ಹತ್ತು ವರ್ಷದಿಂದ ತಲೇಲಿ ಕೂತಿತ್ತು, ಈಗ ಆ ಪಾತ್ರಕ್ಕೆ ಸರಿಯಾದ ಮನುಷ್ಯ ಸಿಕ್ಕಿದಾರೆ" ಅಂತ ಶುರು ಮಾಡಿ ಐದು ನಿಮಿಷ ಮಾತು ನಿಲ್ಲಿಸ್ಲಿಲ್ಲ ಅಂದ್ರೆ ಆ ನಾಟಕಕ್ಕೆ ಕಣ್ಮುಚ್ಚಿ ಹೋಗಿ. ಈ ಲೆಕ್ಕದಲ್ಲಿ ನಾನು ಮೋಸ ಹೋಗಿದ್ದು ಬಹಳ ಕಮ್ಮಿ.

ಇನ್ನು ಯಾವ ಶೋ ಅನ್ನೋದು. ಮೊದಲ ಶೋನಲ್ಲಿ ಎಲ್ರಿಗೂ ಎದೆ ಹೊಡ್ಕೊಳ್ತಾ ಇರತ್ತೆ, ಮಾತು ಸ್ವಲ್ಪ ಓಡತ್ತೆ, ಆದ್ರೆ ಆ ಬಿಸಿ ಬೇರೆ ಯಾವತ್ತೂ ಸಿಗಲ್ಲ. ಎರಡನೇ ಶೋ ಬಗ್ಗೆ ತಂಡಗಳೊಳಗೇ ಒಂದು ಭಯ ಇದೆ, ಮೊದಲನೇ ದಿನ ದಾಟಿದ ಸಮಾಧಾನದಲ್ಲಿ ಮೈ ಸಡಿಲ ಆಗತ್ತೆ, ಕ್ಯೂ (ಯಾವಾಗ ಬರ್ಬೇಕು, ಯಾವಾಗ ಮಾತಾಡ್ಬೇಕು ಅನ್ನೋ ಸೂಚನೆ) ತಪ್ಪತ್ತೆ. ಮೂರು ನಾಲ್ಕನೇ ಶೋ ಹೊತ್ತಿಗೆ ನಾಟಕ ಹದಕ್ಕೆ ಬಂದಿರತ್ತೆ, ಎಲ್ಲಿ ಜನ ನಗ್ತಾರೆ, ಎಲ್ಲಿ ಒಂದು ಕ್ಷಣ ತಡೀಬೇಕು ಅನ್ನೋದು ನಟರಿಗೆ ತಿಳಿದಿರತ್ತೆ. ನಾಲ್ಕೈದು ಶೋ ಇದ್ರೆ ನಾನು ಮೂರನೇದು ಅಂತೀನಿ. ಎರಡೇ ಶೋ ಇದ್ರೆ ಮೊದಲನೇದಕ್ಕೇ ಹೋಗಿ, ಯಾಕಂದ್ರೆ ನಿಮಗೆ ಇಷ್ಟ ಆದ್ರೆ ನಾಲ್ಕು ಜನಕ್ಕೆ ಹೇಳೋಕೆ ಇನ್ನೊಂದು ಶೋ ಬಾಕಿ ಇರತ್ತೆ. ಕೊನೇ ದಿನ ಹೋಗಿ "ಎಷ್ಟು ಚೆನ್ನಾಗಿತ್ತು" ಅಂತ ಬರೆಯೋರನ್ನ ಕಂಡ್ರೆ ನನಗೆ ಸಂಕಟ ಆಗತ್ತೆ, ಸೆಟ್ ಬಿಚ್ಚಿ ಆಗಿರತ್ತೆ ಅಷ್ಟು ಹೊತ್ತಿಗೆ.

ಸೀಟು: ಚಿಕ್ಕ ಹಾಲಲ್ಲಿ ಮೊದಲ ಸಾಲು ಬೇಡ, ಕತ್ತು ಎತ್ತಿ ನೋಡ್ಬೇಕಾಗತ್ತೆ, ನಟರ ಕಾಲೂ ಕಾಣಲ್ಲ. ನಾಲ್ಕರಿಂದ ಆರನೇ ಸಾಲಿನ ಮಧ್ಯ ಸರಿ. ಮೂರು ಕಡೆ ಜನ ಕೂರೋ ಥರದ ಸ್ಟೇಜ್ ಆದ್ರೆ ಎದುರಿನ ಭಾಗ ಹಿಡೀರಿ, ಪಕ್ಕದಲ್ಲಿ ಕೂತ್ರೆ ಅರ್ಧ ನಾಟಕ ಬೆನ್ನು ನೋಡ್ತೀರಿ.

ಪ್ರಶ್ನೆ: ಪ್ರತಿ ವರ್ಷ ಅದೇ ಶೇಕ್ಸ್‌ಪಿಯರ್, ಅದೇ ಚೆಕಾವ್, ಅದೇ ಹಳೇ ಪತ್ತೇದಾರಿ ನಾಟಕ. ಹೊಸದು ಯಾಕೆ ಮಾಡಲ್ಲ ಇವ್ರು? (ಹಳೇ ಪ್ರೇಕ್ಷಕರೊಬ್ಬರು, ಸ್ವಲ್ಪ ಬೇಜಾರಿನಿಂದ)

ಉತ್ತರ: ಸರ್, ನಿಮ್ಮ ಬೇಜಾರು ನ್ಯಾಯವಾದದ್ದೇ. ಆದ್ರೆ ಒಂದು ತಂಡ ನಾಟಕ ಆರಿಸೋಕೆ ಕೂತಾಗ ಮುಂದೆ ಏನೇನಿರತ್ತೆ ಅಂತ ಹೇಳ್ತೀನಿ, ಆಮೇಲೂ ಬೇಜಾರಿದ್ರೆ ತಂಡದವರಿಗೇ ಹೇಳಿ.

ಮೊದಲನೇದು ಹಕ್ಕು. ಬದುಕಿರೋ ನಾಟಕಕಾರರ ನಾಟಕಕ್ಕೆ ಅವರ ಒಪ್ಪಿಗೆ ಬೇಕು, ಪ್ರತಿ ಶೋಗೂ ರಾಯಲ್ಟಿ ಕಟ್ಬೇಕು, ತೀರಿಕೊಂಡವರದ್ದಾದ್ರೆ ಕಾಪಿರೈಟ್ ಮುಗಿಯೋವರೆಗೂ ವಾರಸುದಾರರ ಹತ್ರ ಅಥವಾ ಅವರ ಪರವಾಗಿ ಹಕ್ಕು ನೋಡ್ಕೊಳ್ಳೋ ಏಜೆನ್ಸಿ ಹತ್ರ ಕೇಳ್ಬೇಕು. ಈ ಅವಧಿ ದೇಶದಿಂದ ದೇಶಕ್ಕೆ ಬೇರೆ, ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ, ಯುರೋಪಿನ ಹೆಚ್ಚಿನ ದೇಶಗಳಲ್ಲಿ 70. ಶೇಕ್ಸ್‌ಪಿಯರ್ ಹೋಗಿದ್ದು 1616ರಲ್ಲಿ, ಚೆಕಾವ್ 1904, ಇಬ್ಸೆನ್ 1906. ಇವರನ್ನ ಯಾರೂ ಕೇಳ್ಬೇಕಾಗಿಲ್ಲ, ಅನುವಾದ ಹೊಸದಾಗಿದ್ರೆ ಅನುವಾದಕರನ್ನ ಮಾತ್ರ ಕೇಳ್ಬೇಕು (ಇದನ್ನ ಎಷ್ಟೋ ತಂಡಗಳು ಮರೀತಾರೆ, ದಯವಿಟ್ಟು ಮರೀಬೇಡಿ, ಅನುವಾದನೂ ಒಬ್ಬರ ಬೆವರು). ಕೈಯಲ್ಲಿ ಕಾಸಿಲ್ಲದ ತಂಡಕ್ಕೆ ಇದೇ ದೊಡ್ಡ ವಿಷಯ.

ಎರಡನೇದು ಜನ. ಆಡಿಷನ್‌ಗೆ ಬರೋರಲ್ಲಿ ಹೆಂಗಸರೇ ಹೆಚ್ಚು, ಹಳೇ ನಾಟಕಗಳಲ್ಲಿ ಗಂಡಸರ ಪಾತ್ರ ಹೆಚ್ಚು, ಇದು ನಾನು ಕಂಡ ಎಲ್ಲಾ ತಂಡಗಳ ತಲೆನೋವು. 1954ರಲ್ಲಿ ಟೀವಿಗೆ ಅಂತ ಬರೆದ, ಹನ್ನೆರಡು ಜನ ಜ್ಯೂರಿಗಳು (ಕೋರ್ಟಲ್ಲಿ ತಪ್ಪಿತಸ್ಥನಾ ಅಲ್ವಾ ಅಂತ ತೀರ್ಮಾನ ಮಾಡೋ ಸಾಮಾನ್ಯ ಜನ) ಒಂದು ರೂಮಲ್ಲಿ ಕೂತು ಒಬ್ಬ ಹುಡುಗನ ಪ್ರಾಣದ ಬಗ್ಗೆ ವಾದ ಮಾಡೋ 'ಟ್ವೆಲ್ವ್ ಆಂಗ್ರಿ ಮೆನ್' ಇದೆಯಲ್ಲ, ಅದು ಮೊದಲು ಬರೀ ಗಂಡಸರ ನಾಟಕ. ಈಗ ಅದನ್ನ 'ಜ್ಯೂರರ್ಸ್' ಅಂತ ಹೆಸರು ಬದಲಿಸಿ ಹೆಂಗಸರೂ ಗಂಡಸರೂ ಸೇರಿ ಮಾಡೋ ರೂಪಕ್ಕೂ ಅನುಮತಿ ಸಿಗತ್ತೆ. ಒಂದೇ ರೂಮು, ಒಂದು ಟೇಬಲ್, ಹನ್ನೆರಡು ಕುರ್ಚಿ, ಎಲ್ರಿಗೂ ಮಾತು ಇದೆ. ಯಾಕೆ ಎಲ್ಲಾ ಕಡೆ ಮತ್ತೆ ಮತ್ತೆ ಆಡ್ತಾರೆ ಅಂತ ಈಗ ಗೊತ್ತಾಯ್ತಲ್ಲ.

ಮೂರನೇದು ಸೆಟ್. 1938ರ 'ಅವರ್ ಟೌನ್' ನಾಟಕದಲ್ಲಿ ಸೆಟ್ಟೇ ಇಲ್ಲ, ಎರಡು ಟೇಬಲ್, ಒಂದಷ್ಟು ಕುರ್ಚಿ, ಎರಡು ಏಣಿ, ಅಷ್ಟರಲ್ಲೇ ಒಂದಿಡೀ ಊರು ಕಾಣತ್ತೆ. ಕೊನೇ ಅಂಕದಲ್ಲಿ ಸತ್ತವರು ಸಾಲಾಗಿ ಕುರ್ಚಿ ಮೇಲೆ ಕೂತಿರ್ತಾರೆ, ಆ ಕುರ್ಚಿಗಳೇ ಸ್ಮಶಾನ. ಮರದ ಖರ್ಚಿಲ್ಲ, ಬಣ್ಣದ ಖರ್ಚಿಲ್ಲ, ಆದ್ರೆ ನಟನೆ ಸುಳ್ಳಾದ್ರೆ ಬಚ್ಚಿಟ್ಕೊಳ್ಳೋಕೆ ಜಾಗಾನೂ ಇಲ್ಲ.

ಇಷ್ಟೆಲ್ಲಾ ಹೇಳಿದ ಮೇಲೂ ಒಂದು ಮಾತು ಉಳಿಯತ್ತೆ ಸರ್. ಹಳೇ ನಾಟಕ ಅನ್ನೋದು ಯಾರು, ಯಾವಾಗ ಆಡ್ತಾರೆ ಅನ್ನೋದರ ಮೇಲೆ ಹೊಸದಾಗತ್ತೆ. ಟ್ಯಾಗೋರರ 'ಡಾಕ್‌ಘರ್' 1912ರಲ್ಲಿ ಅಚ್ಚಾದ ನಾಟಕ, ಕಾಯಿಲೆ ಬಿದ್ದ ಅಮಲ್ ಅನ್ನೋ ಹುಡುಗ ಹೊರಗೆ ಹೋಗೋ ಹಾಗಿಲ್ಲದೆ ಕಿಟಕಿ ಪಕ್ಕ ಕೂತು ರಾಜನ ಕಾಗದಕ್ಕೆ ಕಾಯ್ತಾ ಇರ್ತಾನೆ. ಇದನ್ನ 1942ರ ಜುಲೈ 18ರಂದು ಪೋಲೆಂಡಿನ ವಾರ್ಸಾದಲ್ಲಿ ನಾಜಿಗಳು ಯಹೂದಿಗಳನ್ನ ಗೋಡೆ ಕಟ್ಟಿ ಕೂಡಿಹಾಕಿದ್ದ ಘೆಟ್ಟೊ ಒಳಗೆ, ಡಾಕ್ಟರ್ ಯಾನುಷ್ ಕೊರ್ಚಾಕ್ ನಡೆಸ್ತಿದ್ದ ಅನಾಥಾಲಯದ ಮಕ್ಕಳು ಆಡಿದ್ರು. ಗೋಡೆ ಆಚೆ ಹೋಗೋ ಹಾಗಿಲ್ಲದ ಮಕ್ಕಳು, ಹೊರಗೆ ಹೋಗೋ ಹಾಗಿಲ್ಲದ ಹುಡುಗನ ಕಥೆ. ಮೂರು ವಾರ ಕಳೆಯೋದ್ರೊಳಗೆ ಆ ಮಕ್ಕಳನ್ನೂ, ಅವರನ್ನ ಬಿಟ್ಟು ತಾನೊಬ್ಬನೇ ಉಳಿಯಲ್ಲ ಅಂದ ಆ ಡಾಕ್ಟರನ್ನೂ ನಾಜಿಗಳು ಟ್ರೆಬ್ಲಿಂಕಾ ಅನ್ನೋ ಸಾವಿನ ಶಿಬಿರಕ್ಕೆ ಸಾಗಿಸಿ ಕೊಂದ್ರು. ನಾನು ಯಾವ ತಂಡ ಆ ನಾಟಕ ಎತ್ಕೊಂಡ್ರೂ ಹೋಗ್ತೀನಿ, ಎಷ್ಟನೇ ಸಲ ಅಂತ ಲೆಕ್ಕ ಇಡಲ್ಲ.

ಹೊಸ ನಾಟಕ ಬೇಕು ಅನ್ನೋರು ಒಂದು ಕೆಲಸ ಮಾಡಿ. ಕೆಲವು ತಂಡಗಳು ಹೊಸ ನಾಟಕದ ಓದು ಇಟ್ಕೊಳ್ತಾರೆ, ನಟರು ಸ್ಕ್ರಿಪ್ಟ್ ಕೈಯಲ್ಲೇ ಹಿಡ್ಕೊಂಡು ಓದ್ತಾರೆ, ಸೆಟ್ ಇರಲ್ಲ, ವೇಷ ಇರಲ್ಲ. ಅದಕ್ಕೆ ಬರೋರು ಬೆರಳೆಣಿಕೆ. ಅಲ್ಲಿ ಜನ ಕಂಡ್ರೆ ಮುಂದಿನ ವರ್ಷದ ಪಟ್ಟಿಯಲ್ಲಿ ಹೊಸ ಹೆಸರು ಬರತ್ತೆ.

ಪ್ರಶ್ನೆ: ಒಂದು ನಾಟಕಕ್ಕೆ ಟಿಕೆಟ್ ತಗೊಂಡಿದ್ವಿ, ವಾರ ಇರೋವಾಗ ಬೇರೆ ನಾಟಕ ಮಾಡ್ತೀವಿ ಅಂದ್ರು. ಇದು ಮೋಸ ಅಲ್ವಾ?

ಉತ್ತರ: ಹೇಳದೆ ಬದಲಾಯಿಸಿದ್ರೆ ಖಂಡಿತ ತಪ್ಪು, ದುಡ್ಡು ವಾಪಸ್ ಕೇಳೋ ಹಕ್ಕು ನಿಮಗಿದೆ. ಆದ್ರೆ ಕಾರಣ ಕೇಳಿ ನೋಡಿ. ಎಷ್ಟೋ ಸಲ ಅನುಮತಿನೇ ಕೈಕೊಡತ್ತೆ, ಅದೇ ನಾಟಕದ ವೃತ್ತಿ ತಂಡವೊಂದು ಆ ಭಾಗಕ್ಕೆ ಟೂರ್ ಬರ್ತಿದೆ ಅಂದ್ರೆ ಹವ್ಯಾಸಿಗಳಿಗೆ ಹಕ್ಕು ಕೊಡೋದನ್ನ ಏಜೆನ್ಸಿಗಳು ನಿಲ್ಲಿಸ್ತಾರೆ. ಇಲ್ಲಾ ಮುಖ್ಯ ಪಾತ್ರದವರು ಹುಷಾರು ತಪ್ಪಿರ್ತಾರೆ. ದೊಡ್ಡ ಕಂಪನಿಗಳಲ್ಲಿ ಇನ್ನೊಬ್ಬರು ಅದೇ ಪಾತ್ರ ಕಲ್ತು ರೆಡಿ ಇರ್ತಾರೆ, ನಮ್ಮಲ್ಲಿ ಯಾರಿರ್ತಾರೆ.

ನನಗೇ ಆಗಿದ್ದು ಹೇಳ್ತೀನಿ. ಶೋಗೆ ಆರು ಗಂಟೆ ಇರೋವಾಗ ತಾಯಿ ಪಾತ್ರದವರಿಗೆ ಜ್ವರ ಏರಿ ಎದ್ದು ನಿಲ್ಲೋಕಾಗ್ಲಿಲ್ಲ. ಎರಡು ತಿಂಗಳು ಪ್ರಾಂಪ್ಟ್ ಮಾಡಿದ್ದು ನಾನು, ಮಾತು ಮುಕ್ಕಾಲು ಬರ್ತಿತ್ತು. ನಿರ್ದೇಶಕರು ಪರದೆ ಮುಂದೆ ಹೋಗಿ ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರು, ಇಷ್ಟ ಇಲ್ಲದವರು ದುಡ್ಡು ವಾಪಸ್ ತಗೋಬಹುದು ಅಂದ್ರು. ಒಬ್ರೂ ಎದ್ದು ಹೋಗ್ಲಿಲ್ಲ. ನಾನು ಆ ತಾಯಿ ಪಾತ್ರದವರ ಸೀರೆ ಉಟ್ಕೊಂಡು, ಸ್ಕ್ರಿಪ್ಟನ್ನ ಒಂದು ಹಳೇ ಲೆಕ್ಕದ ಪುಸ್ತಕದೊಳಗೆ ಅಂಟಿಸ್ಕೊಂಡು ಹೋದೆ, ಪಾತ್ರಾನೂ ಮನೆ ಲೆಕ್ಕ ಬರೆಯೋ ಹೆಂಗಸೇ ಆಗಿದ್ದು ಪುಣ್ಯ. ಮೂರನೇ ದೃಶ್ಯದಲ್ಲಿ ಮಗ ಮನೆ ಬಿಟ್ಟು ಹೋಗೋ ಮಾತು ಬಂದಾಗ ಆ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಿದ್ದೆ, ಯಾವಾಗ ಇಟ್ಟೆ ಅಂತ ನನಗೆ ಇವತ್ತಿಗೂ ನೆನಪಿಲ್ಲ. ಮಗನ ಪಾತ್ರ ಮಾಡಿದ ಹುಡುಗನ ಕೈ ಐಸ್ ಥರ ತಣ್ಣಗಿತ್ತು, ಅದು ನೆನಪಿದೆ.

ಪ್ರಶ್ನೆ: 6 ಮತ್ತು 9 ವರ್ಷದ ಮಕ್ಕಳಿದ್ದಾರೆ. ಮಕ್ಕಳ ನಾಟಕ ಅಲ್ಲದಿದ್ರೂ ಕರ್ಕೊಂಡು ಹೋಗ್ಬಹುದಾ ಅಕ್ಕ?

ಉತ್ತರ: ಒಂಬತ್ತರ ಮಗು ಧಾರಾಳವಾಗಿ ಕೂರತ್ತೆ. ಆರರ ಮಗುವಿಗೆ ನಾಟಕ ನೋಡ್ಕೊಂಡು ಹೇಳ್ಬೇಕು. ಟಿಕೆಟ್ ತಗೊಳ್ಳೋ ಮುಂಚೆ ತಂಡಕ್ಕೆ ಮೂರು ವಿಷಯ ಕೇಳ್ಕೊಳಮ್ಮ: ಒಟ್ಟು ಎಷ್ಟು ಹೊತ್ತು ಪೂರ್ತಿ ಕತ್ತಲೆ ಇರತ್ತೆ, ಗುಂಡಿನ ಸದ್ದೋ ಜೋರು ಸದ್ದೋ ಇದೆಯಾ, ಮಿಣಮಿಣ ಹೊಡೆಯೋ ಲೈಟ್ ಇದೆಯಾ. ಆ ಮಿಣಮಿಣ ಲೈಟು ಮೂರ್ಛೆ ರೋಗ ಇರೋ ದೊಡ್ಡವರಿಗೂ ತೊಂದ್ರೆ ಮಾಡ್ಬಹುದು, ಹಾಗಾಗಿ ಒಳ್ಳೇ ತಂಡಗಳು ಬಾಗಿಲಲ್ಲೇ ಬೋರ್ಡ್ ಹಾಕಿರ್ತಾರೆ. ಮಧ್ಯಾಹ್ನದ ಶೋ ತಗೊಳ್ಳಿ, ಮಕ್ಕಳು ಸುಸ್ತಾಗಿರಲ್ಲ. ಓಡಾಡೋ ದಾರಿ ಪಕ್ಕದ ಸೀಟು ತಗೊಳ್ಳಿ, ಅತ್ರೆ ಸದ್ದಿಲ್ಲದೆ ಹೊರಗೆ ಕರ್ಕೊಂಡು ಹೋಗ್ಬಹುದು.

ಕೆಲವು ತಂಡಗಳು 'ರಿಲ್ಯಾಕ್ಸ್ಡ್ ಶೋ' ಅಂತ ಒಂದು ಇಟ್ಟಿರ್ತಾರೆ, ಅದ್ರಲ್ಲಿ ಹಾಲ್ ಪೂರ್ತಿ ಕತ್ತಲೆ ಮಾಡಲ್ಲ, ಸದ್ದು ಕಮ್ಮಿ ಇಡ್ತಾರೆ, ಮಕ್ಕಳು ಎದ್ದು ಓಡಾಡಿದ್ರೂ ಮಾತಾಡಿದ್ರೂ ಯಾರೂ ತಿರುಗಿ ನೋಡಲ್ಲ. ಆಟಿಸಂ ಇರೋ ಮಕ್ಕಳ ಮನೆಯವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ನಾನು ಕಣ್ಣಾರೆ ಕಂಡಿದೀನಿ. ನಿಮ್ಮ ಹತ್ರದ ತಂಡದಲ್ಲಿ ಇಲ್ಲ ಅಂದ್ರೆ ಕೇಳಿ, ನಾಲ್ಕು ಮನೆಯವರು ಕೇಳಿದ್ರೆ ಒಂದು ಶೋ ಇಟ್ಟೇ ಇಡ್ತಾರೆ.

ಮನೆಯಲ್ಲೇ ಮಕ್ಕಳಿಗೆ ಕಥೆ ಪೂರ್ತಿ ಹೇಳಿ ಕರ್ಕೊಂಡು ಹೋಗಿ. ಸಸ್ಪೆನ್ಸ್ ಹಾಳಾಗತ್ತೆ ಅಂತ ಯೋಚ್ನೆ ಬೇಡ. ಗೊತ್ತಿರೋ ಕಥೆ ಕಣ್ಣೆದುರು ನಡೆಯೋದನ್ನ ನೋಡೋದೇ ಅವರಿಗೆ ಹಬ್ಬ.

ಪ್ರಶ್ನೆ: ನಮ್ಮ ತಂದೆಗೆ ಕಿವಿ ಮಂದ. ನಾಟಕ ಅಂದ್ರೆ ಪ್ರಾಣ. ಏನು ಮಾಡ್ಬಹುದು?

ಉತ್ತರ: ತಂಡದವರನ್ನ ಕೇಳಿ ಸ್ಕ್ರಿಪ್ಟ್ ಮುಂಚೆನೇ ತರಿಸಿ ಓದಿಸಿ, ಹಿಂದಿನ ದಿನ ಓದಿದ್ರೆ ಅರ್ಧ ಕೆಲಸ ಆಗತ್ತೆ. ಎರಡನೇ ಸಾಲಲ್ಲಿ ಕೂರಿಸಿ, ತುಟಿ ಕಾಣತ್ತೆ. ಹಿಯರಿಂಗ್ ಏಡ್ ಹಾಕ್ಕೊಳ್ತಾರೆ ಅಂದ್ರೆ ಹಾಲಲ್ಲಿ ಅದಕ್ಕೆ ನೇರವಾಗಿ ಸದ್ದು ಕಳಿಸೋ ಲೂಪ್ ಇದೆಯಾ ಕೇಳಿ. ಕೆಲವು ಕಡೆ ಮಾತು ಅಕ್ಷರದಲ್ಲಿ ಪಕ್ಕದ ಪರದೆ ಮೇಲೆ ಬರೋ ಶೋಗಳೂ ಇರ್ತವೆ. ಇದೆಲ್ಲಾ ಕೇಳೋಕೆ ಸಂಕೋಚ ಬೇಡ, ನಾಟಕ ಅಂದ್ರೆ ಪ್ರಾಣ ಅನ್ನೋ ಪ್ರೇಕ್ಷಕರಿಗೆ ಯಾವ ತಂಡಾನೂ ಇಲ್ಲ ಅನ್ನಲ್ಲ.

ಪ್ರಶ್ನೆ: ಮಗಳು ಮೊದಲ ಸಲ ಸ್ಟೇಜ್ ಹತ್ತಿದ್ಲು, ಫೋನಲ್ಲಿ ವಿಡಿಯೋ ಮಾಡ್ತಿದ್ದೆ, ತಂಡದವರು ಬಂದು ನಿಲ್ಲಿಸಿದ್ರು. ಎಲ್ಲರ ಮುಂದೆ ಅವಮಾನ ಆಯ್ತು. ಮುಂದಿನ ತಿಂಗಳು ಮತ್ತೆ ಶೋ ಇದೆ.

ಉತ್ತರ: ಬೇಜಾರಾಗಿರತ್ತೆ, ಅರ್ಥ ಆಗತ್ತೆ. ಆದ್ರೆ ನಿಲ್ಲಿಸಿದವರ ತಪ್ಪಿಲ್ಲ. ನಾಟಕ ಆಡೋ ಅನುಮತಿ ಬೇರೆ, ರೆಕಾರ್ಡ್ ಮಾಡೋ ಅನುಮತಿ ಬೇರೆ, ಎಷ್ಟೋ ಒಪ್ಪಂದಗಳಲ್ಲಿ ವಿಡಿಯೋ ಮಾಡೋ ಹಾಗಿಲ್ಲ ಅಂತ ಸ್ಪಷ್ಟ ಬರ್ದಿರತ್ತೆ, ವಿಡಿಯೋ ಹೊರಗೆ ಬಂದ್ರೆ ತಂಡಕ್ಕೆ ಮುಂದೆ ಹಕ್ಕೇ ಸಿಗದೆ ಹೋಗ್ಬಹುದು. ಅದಕ್ಕಿಂತ ಮುಖ್ಯ, ಸ್ಟೇಜ್ ಮೇಲಿಂದ ನೋಡಿದ್ರೆ ಹಾಲ್ ಕಪ್ಪಗೆ ಕಾಣತ್ತೆ, ಆ ಕಪ್ಪಲ್ಲಿ ಒಂದು ಫೋನಿನ ಬೆಳಕು ಹತ್ತಿದ್ರೆ ಕಣ್ಣು ಅಲ್ಲಿಗೇ ಹೋಗತ್ತೆ. ಮೊದಲ ಸಲ ನಿಂತಿರೋ ಮಗುಗೆ ಮಾತು ಮರೆಯೋಕೆ ಅಷ್ಟು ಸಾಕು. ಗ್ರ್ಯಾಂಡ್ ರಿಹರ್ಸಲ್ (ಶೋಗೆ ಮುಂಚಿನ ಪೂರ್ತಿ ವೇಷದ ತಾಲೀಮು) ದಿನ ಫೋಟೋ ತೆಗೀಬಹುದಾ ಅಂತ ಕೇಳಿ, ಸಾಮಾನ್ಯವಾಗಿ ಬಿಡ್ತಾರೆ. ಶೋ ದಿನ ಫೋನ್ ಆಫ್ ಮಾಡಿ ಮಗಳನ್ನ ನೋಡಿ.

ಪ್ರಶ್ನೆ: ನನಗೆ 52. ಶಾಲೆಯಲ್ಲಿ ಕೂಡ ಸ್ಟೇಜ್ ಹತ್ತಿದವಳಲ್ಲ. ನಮ್ಮ ಹತ್ರದ ತಂಡ ಬರೋ ನಾಟಕಕ್ಕೆ ಆಡಿಷನ್ ಕರೆದಿದೆ, "ಅನುಭವ ಬೇಕಿಲ್ಲ" ಅಂತ ಹಾಕಿದಾರೆ. ನಾಲ್ಕು ಸಲ ಫಾರ್ಮ್ ತೆಗೆದು ಮುಚ್ಚಿದೆ. ಹೋಗ್ಲಾ?

ಉತ್ತರ: ಹೋಗಿ. ಈ ಪತ್ರಾನ ನಾನು ಮೂರು ಸಲ ಓದಿದೆ.

ಆಡಿಷನ್ ಅಂದ್ರೆ ಏನು ಅಂತ ಗೊತ್ತಿಲ್ಲದೆ ಭಯ ಆಗಿರತ್ತೆ. ನಿಮ್ಮ ಕೈಗೆ ಒಂದೆರಡು ಪುಟ ಕೊಡ್ತಾರೆ, ಹತ್ತು ನಿಮಿಷ ಓದ್ಕೊಳ್ಳಿ ಅಂತಾರೆ, ಆಮೇಲೆ ಇನ್ನೊಬ್ಬರ ಜೊತೆ ನಿಂತು ಓದಿಸ್ತಾರೆ. ಅವರು ನೋಡೋದು ನಿಮ್ಮ ಅಭಿನಯ ಎಷ್ಟು ಅಂತಲ್ಲ, ಎದುರಿಗಿರೋರು ಮಾತಾಡೋವಾಗ ನೀವು ಕೇಳಿಸ್ಕೊಳ್ತೀರಾ, "ಇದನ್ನೇ ಸಿಟ್ಟಿಲ್ಲದೆ ಹೇಳಿ ನೋಡಿ" ಅಂದ್ರೆ ಬದಲಾಯಿಸ್ತೀರಾ ಅಂತ. ಕೊನೇ ಸಾಲಿಗೆ ಕೇಳೋ ಹಾಗೆ ಓದಿ, ತಪ್ಪಾದ್ರೆ ಸಾರಿ ಅನ್ಬೇಡಿ, ಮುಂದುವರ್ಸಿ. 52ರ ಹೆಂಗಸರು ನಾಟಕಗಳಿಗೆ ಎಷ್ಟು ಬೇಕು ಅಂತ ನಿಮಗೆ ಗೊತ್ತಿಲ್ಲ, 25ರ ಹುಡುಗಿ ತಲೆಗೆ ಬಿಳಿ ಪೌಡರ್ ಹಾಕಿ ಅಜ್ಜಿ ಮಾಡೋದನ್ನ ನೋಡಿ ನೋಡಿ ಸಾಕಾಗಿದೆ ನಮಗೆ.

ಪಾರ್ಟ್ ಸಿಕ್ರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ತಾಲೀಮು ಇರತ್ತೆ, ವಾರಕ್ಕೆ ಮೂರ್ನಾಲ್ಕು ಸಂಜೆ. ಮೊದಲು ಸುತ್ತ ಕೂತು ಓದು, ಆಮೇಲೆ ಎಲ್ಲಿಂದ ಬಂದು ಎಲ್ಲಿ ನಿಲ್ಲೋದು ಅನ್ನೋದು, ಆಮೇಲೆ ಒಂದು ದಿನದ ಗಡುವು, ಅವತ್ತಿಂದ ಸ್ಕ್ರಿಪ್ಟ್ ಕೈಯಲ್ಲಿರೋ ಹಾಗಿಲ್ಲ. ಮಾತು ಬಾಯಿಪಾಠ ಮಾಡೋಕೆ ಕೂತ್ಕೋಬೇಡಿ, ಪಾತ್ರೆ ತೊಳೀತಾ, ಬಟ್ಟೆ ಮಡಿಸ್ತಾ ಹೇಳ್ಕೊಳ್ಳಿ, ಕೈ ಕೆಲಸದ ಜೊತೆ ಹತ್ತಿದ ಮಾತು ಸ್ಟೇಜ್ ಮೇಲೆ ಕೈಕೊಡಲ್ಲ. ಕೊನೇ ವಾರ ಲೈಟು, ಸೌಂಡು ಸೇರಿಸ್ತಾರೆ, ಒಂದೇ ಜಾಗದಲ್ಲಿ ಅರ್ಧ ಗಂಟೆ ನಿಲ್ಲಿಸಿ ಲೈಟ್ ಹೊಂದಿಸ್ತಾರೆ, ಆ ವಾರ ಮನೆಯಲ್ಲಿ ಮುಂಚೆನೇ ಹೇಳಿಡಿ, ನೀವು ಸಿಗಲ್ಲ ಅಂತ.

ಪಾರ್ಟ್ ಸಿಗದಿದ್ರೆ ಮನೆಗೆ ಬಂದ್ಬಿಡ್ಬೇಡಿ ದಯವಿಟ್ಟು. "ಬ್ಯಾಕ್‌ಸ್ಟೇಜ್ ಇರ್ತೀನಿ" ಅನ್ನಿ. ಸೈಡ್ ವಿಂಗಿನ (ಸ್ಟೇಜ್ ಪಕ್ಕದ ಮರೆ ಜಾಗ) ಕತ್ತಲಲ್ಲಿ ಒಂದು ಉದ್ದ ಟೇಬಲ್ ಇರತ್ತೆ, ಅದರ ಮೇಲೆ ಬಿಳಿ ಪೇಪರ್ ಹಾಸಿ, ನಾಟಕದಲ್ಲಿ ಬಳಸೋ ಪ್ರತಿ ವಸ್ತುವಿನ ಸುತ್ತ ಗೆರೆ ಎಳೆದು ಹೆಸರು ಬರ್ದಿರ್ತಾರೆ, ಕಾಗದ, ಕನ್ನಡಕ, ಬೀಗದ ಕೈ, ಲೋಟ. ವಸ್ತು ವಾಪಸ್ ಬಂದಿಲ್ಲ ಅಂದ್ರೆ ಆ ಖಾಲಿ ಗೆರೆ ಎದ್ದು ಕಾಣತ್ತೆ. ಆ ಟೇಬಲ್ ನೋಡ್ಕೊಳ್ಳೋರು ಒಬ್ರು ನೆಟ್ಟಗಿದ್ರೆ ಇಡೀ ನಾಟಕ ನೆಟ್ಟಗಿರತ್ತೆ, ಕಾಗದ ಸಿಗದೆ ನಾಯಕ ಸ್ಟೇಜ್ ಮೇಲೆ ಜೇಬು ತಡಕೋ ಪರಿಸ್ಥಿತಿ ಬರಲ್ಲ. ನಾನು ಶುರು ಮಾಡಿದ್ದು ಅಲ್ಲಿಂದಲೇ.

ಈ ಕೆಲಸಕ್ಕೆ ನಾವ್ಯಾರು ಅನ್ನೋ ಪ್ರಶ್ನೆ ಬಂದಾಗ ನಾನು ನೆನಪು ಮಾಡ್ಕೊಳ್ಳೋದು ಆಂದ್ರೆ ಆಂತ್ವಾನ್ ಅನ್ನೋರನ್ನ. ಪ್ಯಾರಿಸ್ಸಿನ ಗ್ಯಾಸ್ ಕಂಪನಿಯಲ್ಲಿ ಗುಮಾಸ್ತ. 1887ರಲ್ಲಿ ಹವ್ಯಾಸಿಗಳನ್ನ ಕಟ್ಕೊಂಡು ನಾಟಕ ಮಾಡೋಕೆ ಹೊರಟಾಗ ಸೆಟ್ಟಿಗೆ ದುಡ್ಡಿರ್ಲಿಲ್ಲ, ತಾಯಿ ಮನೆಯ ಟೇಬಲ್ ಕುರ್ಚಿಗಳನ್ನೇ ತಳ್ಳೋ ಗಾಡಿಯಲ್ಲಿ ಹಾಕ್ಕೊಂಡು ತಾನೇ ತಳ್ಕೊಂಡು ಬಂದ್ರು. ಆಗಿನ ಎಷ್ಟೋ ನಾಟಕಗಳಲ್ಲಿ ಬಾಗಿಲು ಕಿಟಕಿ ಬಟ್ಟೆ ಮೇಲೆ ಬರೆದ ಚಿತ್ರ, ಇವರ ಸ್ಟೇಜ್ ಮೇಲೆ ನಿಜವಾದ ಮನೆಯ ನಿಜವಾದ ಕುರ್ಚಿ. ಅವರ ಆ ತಂಡ, 'ತೆಯಾತ್ರ್ ಲೀಬ್ರ್', ಯುರೋಪಿನ ನಾಟಕದ ದಾರಿಯನ್ನೇ ಬದಲಾಯಿಸ್ತು.

ಪ್ರಶ್ನೆ: ಹವ್ಯಾಸಿ ನಾಟಕ ಅಂದ್ರೆ ವೃತ್ತಿಯವರಷ್ಟು ಚೆನ್ನಾಗಿರಲ್ಲ ಅಂತ ಮನೆಯಲ್ಲಿ ಯಾರೂ ಬರಲ್ಲ. ಏನು ಹೇಳ್ಲಿ?

ಉತ್ತರ: ಕೆಲವು ಚೆನ್ನಾಗಿರಲ್ಲ, ಅದನ್ನ ಒಪ್ಕೊಳ್ಳಿ. ಮಾತು ಕೇಳಲ್ಲ, ದೃಶ್ಯದ ಮಧ್ಯೆ ಕುರ್ಚಿ ಜರುಗಿಸೋಕೇ ಎರಡು ನಿಮಿಷ ಹೋಗತ್ತೆ. ಆದ್ರೆ ಜರ್ಮನಿಯ ಓಬರಮ್ಮರ್ಗಾವ್ ಅನ್ನೋ ಹಳ್ಳಿಯ ಕಥೆ ಹೇಳಿ. 1633ರಲ್ಲಿ ಪ್ಲೇಗ್ ಬಂದಾಗ, ಇದರಿಂದ ಪಾರಾದ್ರೆ ಯೇಸುವಿನ ಕೊನೇ ದಿನಗಳ ನಾಟಕ ಆಡ್ತೀವಿ ಅಂತ ಹರಕೆ ಹೊತ್ರು, 1634ರಲ್ಲಿ ಆಡಿದ್ರು, ಈಗಲೂ ಹತ್ತು ವರ್ಷಕ್ಕೊಮ್ಮೆ ಆಡ್ತಾರೆ. 2020ರದ್ದು ಕೋವಿಡ್‌ನಿಂದ ಮುಂದಕ್ಕೆ ಹೋಗಿ 2022ರಲ್ಲಿ ಆಯ್ತು. ಪಾತ್ರ ಮಾಡೋಕೆ ಅಲ್ಲೇ ಹುಟ್ಟಿರ್ಬೇಕು, ಇಲ್ಲಾ 20 ವರ್ಷ ಅಲ್ಲಿ ಬದುಕಿರ್ಬೇಕು. ಹಿಂದಿನ ವರ್ಷದಿಂದಲೇ ಪಾತ್ರಧಾರಿಗಳು ಕೂದಲು ಗಡ್ಡ ಬಿಡ್ತಾರೆ, ವಿಗ್ ಇಟ್ಕೊಳ್ಳಲ್ಲ. ಸುಮಾರು ಐದು ಗಂಟೆಯ ನಾಟಕ. ಅದನ್ನ ನೋಡೋಕೆ ಬೇರೆ ಬೇರೆ ದೇಶದಿಂದ ಜನ ಬರ್ತಾರೆ, ಸ್ಟೇಜ್ ಮೇಲಿರೋರು ಆ ಹಳ್ಳಿಯವರೇ.

ಪರಿಚಯದ ಮುಖ ಪರಿಚಯ ಇಲ್ಲದವರಾಗಿ ಕಾಣೋದು ಇಲ್ಲಿ ಮಾತ್ರ ಸಿಗತ್ತೆ. ದಿನಾ ಲಿಫ್ಟಲ್ಲಿ ತಲೆ ತಗ್ಗಿಸಿ ನಿಲ್ಲೋ ಮನುಷ್ಯ ಸ್ಟೇಜ್ ಮೇಲೆ ರಾಜನಾಗಿ ತಿರುಗಿ ನೋಡಿದಾಗ ಮೈ ಜುಂ ಅನ್ನತ್ತೆ. ಮನೆಯವರಿಗೆ ಏನೂ ವಾದ ಮಾಡ್ಬೇಡಿ, ಅವರಿಗೆ ಪರಿಚಯ ಇರೋರು ಒಬ್ರು ಇರೋ ನಾಟಕ ಹುಡುಕಿ ಕರ್ಕೊಂಡು ಹೋಗಿ.

ಪ್ರಶ್ನೆ: ಗೆಳತಿ ಪಾರ್ಟ್ ಮಾಡಿದ್ಲು, ಚೆನ್ನಾಗಿರ್ಲಿಲ್ಲ. ಇನ್ನೂ ಎರಡು ಶೋ ಇದೆ. ನಿಜ ಹೇಳ್ಲಾ?

ಉತ್ತರ: ಆ ಎರಡು ಶೋ ಮುಗಿಯೋವರೆಗೂ ಬೇಡ. ಅವಳನ್ನ ತಿದ್ದೋದು ಈಗ ನಿರ್ದೇಶಕರ ಕೆಲಸ. ಅವತ್ತು ನಿಮಗೆ ನಿಜವಾಗ್ಲೂ ಹಿಡಿಸಿದ ಒಂದು ಕ್ಷಣ ಇದ್ದೇ ಇರತ್ತೆ, ಅದನ್ನ ಹೇಳಿ, "ಆ ಕಾಗದ ಹರಿಯೋವಾಗ ನೀನು ಒಂದು ಗಳಿಗೆ ನಿಂತೆಯಲ್ಲ" ಅಂತ. ಬಾಕಿದು ಅವಳೇ ಕೇಳಿದಾಗ, ತಿಂಗಳು ಕಳೆದ ಮೇಲೆ.

ಪ್ರಶ್ನೆ: ನಾವು ಸಣ್ಣ ತಂಡ. ಹೋದ ನಾಟಕಕ್ಕೆ 11 ಜನ ಬಂದಿದ್ರು, ಸ್ಟೇಜ್ ಮೇಲೆ ನಾವೇ 9 ಜನ. ಬರೋ ತಿಂಗಳು ಮತ್ತೆ ಇಟ್ಕೊಂಡಿದೀವಿ. ನಿಲ್ಲಿಸ್ಬಿಡೋಣ ಅಂತ ಕೆಲವರು ಅಂತಿದಾರೆ.

ಉತ್ತರ: ನಿಲ್ಲಿಸ್ಬೇಡಿ, ಆದ್ರೆ ಅದೇ ರೀತಿ ಮತ್ತೆ ಮಾಡ್ಲೂಬೇಡಿ. 200 ಸೀಟಿನ ಹಾಲಲ್ಲಿ 11 ಜನ ಅಂದ್ರೆ ಬಂದವರಿಗೂ ನಾಚಿಕೆ, ನಿಮಗೂ ಸಂಕಟ. 40 ಜನ ಹಿಡಿಯೋ ರೂಮ್ ತಗೊಳ್ಳಿ, ಸುತ್ತ ಕುರ್ಚಿ ಹಾಕಿ, ಅದೇ 11 ಜನ ತುಂಬಿದ ಹಾಗಿರ್ತಾರೆ. ಗ್ರೂಪಲ್ಲಿ ಪೋಸ್ಟರ್ ಹಾಕಿ ಕೂತ್ರೆ ಯಾರೂ ಬರಲ್ಲ, ಒಂಬತ್ತು ಜನಾನೂ ತಲಾ ಐದು ಮನೆಗೆ ಫೋನ್ ಮಾಡಿ, ಮೆಸೇಜ್ ಅಲ್ಲ, ಫೋನ್. ಗ್ರ್ಯಾಂಡ್ ರಿಹರ್ಸಲ್ಲಿಗೆ ಹತ್ರದ ವೃದ್ಧಾಶ್ರಮದವರನ್ನ, ಕಾಲೇಜಿನವರನ್ನ ಸುಮ್ನೆ ಕರೀರಿ, ಅವರು ಹೋಗಿ ಹೇಳ್ತಾರೆ. ನಾಟಕ ಮುಗಿದ ಮೇಲೆ ಬಾಗಿಲಲ್ಲಿ ಒಂದು ನೋಟ್‌ಬುಕ್ ಇಟ್ಟು ಬಂದವರ ಹೆಸರು ನಂಬರ್ ಬರೆಸ್ಕೊಳ್ಳಿ, ಮುಂದಿನ ನಾಟಕಕ್ಕೆ ಮೊದಲ ಫೋನ್ ಅವರಿಗೇ ಹೋಗ್ಲಿ.

1916ರ ಜುಲೈಯಲ್ಲಿ ಅಮೆರಿಕಾದ ಪ್ರಾವಿನ್ಸ್‌ಟೌನ್ ಅನ್ನೋ ಮೀನುಗಾರರ ಊರಲ್ಲಿ, ಕಡಲ ಕಟ್ಟೆ ಮೇಲಿನ ಹಳೇ ಮೀನಿನ ಶೆಡ್ಡಲ್ಲಿ ಗೆಳೆಯರು ಸೇರಿ ಒಂದು ಪುಟ್ಟ ನಾಟಕ ಆಡಿದ್ರು, ಹಡಗಲ್ಲಿ ಸಾಯ್ತಿರೋ ಒಬ್ಬ ನಾವಿಕನ ಕಥೆ, ಹಲಗೆ ಕೆಳಗೆ ನಿಜವಾದ ಸಮುದ್ರ. ಬರೆದ ಹುಡುಗನ ಒಂದು ನಾಟಕಾನೂ ಅಲ್ಲಿವರೆಗೆ ಯಾರೂ ಆಡಿರ್ಲಿಲ್ಲ. ಅವರು ಯೂಜೀನ್ ಓನೀಲ್, 1936ರಲ್ಲಿ ನೊಬೆಲ್ ಬಂತು. ಆ ಶೆಡ್ಡು ಎಷ್ಟು ಚಿಕ್ಕದಿತ್ತು ಅಂತ ನಿಲ್ಲಿಸ್ಬೇಕು ಅಂತಿರೋ ನಿಮ್ಮ ಗೆಳೆಯರಿಗೆ ಹೇಳಿ.

ನಮ್ಮ ತಂಡದ ಒಂದು ಶೋಗೂ 14 ಜನ ಬಂದಿದ್ರು. ಮುಗಿದ ಮೇಲೆ ಎಲ್ರೂ ಹೋದ್ರು, ವಯಸ್ಸಾದವರೊಬ್ರು ಹಿಂದಿನ ಸಾಲಲ್ಲೇ ಕೂತಿದ್ರು. ಹಾಲ್ ಬೀಗ ಹಾಕ್ಬೇಕು ಅಂದಾಗ ಎದ್ದು, ಏನೂ ಮಾತಾಡ್ದೆ ಕುರ್ಚಿ ಮಡಚಿ ಗೋಡೆಗೆ ಒರಗಿಸೋಕೆ ಶುರು ಮಾಡಿದ್ರು. ಐವತ್ತು ಕುರ್ಚಿ ಆದ ಮೇಲೆ "ಮುಂದಿನದು ಯಾವಾಗ?" ಅಂತ ಕೇಳಿದ್ರು. ಈಗ ಏಳು ವರ್ಷದಿಂದ ನಮ್ಮ ಸಾಮಾನಿನ ಟೇಬಲ್ ಅವರದ್ದು, ಗೆರೆ ಎಳೆಯೋದು, ಹೆಸರು ಬರೆಯೋದು ಎಲ್ಲಾ ಅವರೇ.

ನಿಮ್ಮ ಬರೋ ತಿಂಗಳ ಶೋ ಯಾವ ದಿನ, ಎಷ್ಟು ಗಂಟೆಗೆ ಅಂತ ಬರ್ದು ಕಳಿಸಿ. ನಾನು ಬರ್ತೀನಿ.